ಬೆಟ್ಟದ ಕಡೆ, ಕಡಲ ಕಡೆ

ಜಪಾನಿನ ಕೋಬೆಯಲ್ಲಿ ನೆಂಟರಿರುವ ನಮ್ಮಂಥವರಿಗೆ ತಾಪತ್ರಯವೆಲ್ಲ ಅರ್ಧ ಗಂಟೆಯದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಮೂರೋ ನಾಲ್ಕೋ ಆಗಿದ್ದರೆ ಬೆರಳು ಮಡಚಿ ಮುಗಿಸಬಹುದಿತ್ತು. ಮಂಗಳೂರಿನಲ್ಲಿ ಊಟ ಮುಗಿಸಿ ಒಂಬತ್ತಕ್ಕೆ ಆರಾಮಾಗಿ ಫೋನ್ ಹಚ್ಚಿದರೆ ಅಲ್ಲಿ ನಡುರಾತ್ರಿ ಹನ್ನೆರಡೂವರೆ. ಭಾವ ಮರ್ಯಾದಸ್ಥರು, ಬೈಯುವುದಿಲ್ಲ. ‘ಹಲೋ’ ಅನ್ನುವ ದನಿಯಲ್ಲೇ ಎಲ್ಲ ತಿಳಿಸಿಬಿಡುತ್ತಾರೆ.

ಆದರೆ ನ್ಯಾಯವಾಗಿ ಹೇಳುವುದಾದರೆ ಆ ಅರ್ಧ ಗಂಟೆ ಅವರದಲ್ಲ, ನಮ್ಮದು. ಜಪಾನ್ ಆರಿಸಿಕೊಂಡದ್ದು 135 ಡಿಗ್ರಿ ಪೂರ್ವ ರೇಖಾಂಶ. ಗ್ರೀನಿಚ್‌ಗಿಂತ ಸರಿಯಾಗಿ ಒಂಬತ್ತು ಗಂಟೆ ಮುಂದೆ. ಎಂಬತ್ತೆರಡೂವರೆಯನ್ನು ಆರಿಸಿ ಬಾಲಂಗೋಚಿ ಕಟ್ಟಿಕೊಂಡವರು ನಾವು. ಆ 135ರ ಗೆರೆ ಕೋಬೆಯ ಪಶ್ಚಿಮದ ಅಂಚನ್ನು ಸವರಿಕೊಂಡು ಪಕ್ಕದ ಆಕಾಶಿ ಊರಿನ ಮೇಲೆ ಹಾದುಹೋಗುತ್ತದೆ. 1888ರ ಜನವರಿ 1ರಿಂದ ಇಡೀ ದೇಶ ನಡೆಯುತ್ತಿರುವುದು ಈ ಗೆರೆಯ ಲೆಕ್ಕದಲ್ಲಿ. ಆಕಾಶಿಯವರು ಗೆರೆಯ ಮೇಲೆಯೇ 1960ರಲ್ಲಿ ತಾರಾಲಯ ಕಟ್ಟಿ, ಅದರ ಗೋಪುರಕ್ಕೆ ದೊಡ್ಡ ಗಡಿಯಾರ ಕೂರಿಸಿದ್ದಾರೆ.

ಹಾಗಾಗಿ ಕೋಬೆಯಲ್ಲಿ ಗಡಿಯಾರಕ್ಕೂ ಸೂರ್ಯನಿಗೂ ಅಪರೂಪದ ಹೊಂದಾಣಿಕೆ. ವರ್ಷದ ಸರಾಸರಿಯಲ್ಲಿ ಹನ್ನೆರಡು ಗಂಟೆಗೇ ನಡುಮಧ್ಯಾಹ್ನ. ಟೋಕಿಯೋದಲ್ಲಿ ಅದು ಸುಮಾರು ಇಪ್ಪತ್ತು ನಿಮಿಷ ಮೊದಲೇ ಆಗುತ್ತದೆ. ಮಂಗಳೂರಿನಲ್ಲಿ ಅರ್ಧ ಗಂಟೆ ತಡ. ಡಿಸೆಂಬರಿನಲ್ಲಿ ಅಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಐದಕ್ಕೆ ಮುಂಚೆಯೇ ಹುಟ್ಟುತ್ತಾನೆ. ತಡವಾಗಿ ಏಳುವ ಪ್ರವಾಸಿಗೆ ಚಳಿಗಾಲದಲ್ಲಿ ಉಳಿಯುವ ಹಗಲು ಅಷ್ಟಕ್ಕಷ್ಟೆ.

ಊರಿನ ಹವಾಮಾನವನ್ನು ನಡೆಸುವುದು ಬೆಟ್ಟ. ಉತ್ತರಕ್ಕೆ 931 ಮೀಟರ್ ಎತ್ತರದ ರೊಕ್ಕೋ, ದಕ್ಷಿಣಕ್ಕೆ ಸಮುದ್ರ, ನಡುವೆ ಒಂದು ಪಟ್ಟಿಯಷ್ಟು ಊರು. ದಾರಿ ಕೇಳಿದರೆ ಜನ ಉತ್ತರ ದಕ್ಷಿಣ ಎನ್ನುವುದಿಲ್ಲ. ‘ಬೆಟ್ಟದ ಕಡೆ’, ‘ಕಡಲ ಕಡೆ’ ಎನ್ನುತ್ತಾರೆ. ಘಟ್ಟಕ್ಕೆ ಬೆನ್ನು ಕೊಟ್ಟು, ಕಡಲಿಗೆ ಮುಖ ಮಾಡಿ ಬೆಳೆದ ನನ್ನಂಥವನಿಗೆ ಇದು ಕೂಡಲೇ ಒಗ್ಗಿತು. ಚಳಿಗಾಲದಲ್ಲಿ ಆ ಬೆಟ್ಟದಿಂದ ಇಳಿಯುವ ಒಣಗಾಳಿಗೆ ‘ರೊಕ್ಕೋ ಓರೊಶಿ’ ಎಂದು ಹೆಸರು. ನಮಗೆ ಮೂಗು ಕೊರೆಯುವ ಆ ಗಾಳಿಯೇ ಕೋಬೆಯ ಪೂರ್ವಕ್ಕಿರುವ ನಾದಾದಲ್ಲಿ ಅಕ್ಕಿಯಿಂದ ಸಾಕೆ ಮದ್ಯ ತಯಾರಿಸುವವರಿಗೆ ಬಂಡವಾಳ. ಹುದುಗು ಹದವಾಗಿ ಏಳಲು ಆ ತಂಪೇ ಬೇಕು.

ಮಳೆಯ ಅಂಕಿ ನೋಡಿದರೆ ಕರಾವಳಿಯವರಿಗೆ ನಗು ಬರಬಹುದು. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,300 ಮಿಲಿಮೀಟರ್. ಮಂಗಳೂರಿನ ಜುಲೈ ಒಂದೇ ತಿಂಗಳು ಹೆಚ್ಚುಕಡಿಮೆ ಅಷ್ಟನ್ನು ಸುರಿದು ಕೈತೊಳೆದುಕೊಳ್ಳುತ್ತದೆ. ಆದರೆ ಕಡಿದಾದ ಬೆಟ್ಟ, ಸಡಿಲ ಗ್ರಾನೈಟ್ ಮಣ್ಣು, ಹರಿಯಲು ಜಾಗವಿಲ್ಲದ ಗಿಡ್ಡ ನದಿಗಳು. 1938ರ ಜುಲೈಯಲ್ಲಿ ಮೂರು ದಿನ ಬಿಡದೆ ಹೊಯ್ದ ಮಳೆಗೆ ಬೆಟ್ಟವೇ ಊರಿನೊಳಕ್ಕೆ ಇಳಿಯಿತು, ನೂರಾರು ಜನ ಸತ್ತರು. ತನಿಝಾಕಿ ತಮ್ಮ ‘ಮಕಿಯೋಕಾ ಸಿಸ್ಟರ್ಸ್’ ಕಾದಂಬರಿಯಲ್ಲಿ ಆ ಪ್ರವಾಹವನ್ನು ಬಿಡಿಸಿಟ್ಟಿದ್ದಾರೆ. ಹವಾಮಾನದ ಪಟ್ಟಿಯಲ್ಲಿ ಮಿಲಿಮೀಟರ್ ಇರುತ್ತದೆ, ಇಳಿಜಾರು ಇರುವುದಿಲ್ಲ.

ಕಾಲ ತಪ್ಪದ ಈ ಊರಲ್ಲಿ ನಿಂತುಹೋದ ಗಡಿಯಾರವೂ ಒಂದಿದೆ. 1995ರ ಜನವರಿ 17, ಬೆಳಗಿನ 5:46. ಆ ಭೂಕಂಪದಲ್ಲಿ ತೀರಿಕೊಂಡವರು 6,434 ಮಂದಿ. ನಗರಸಭೆಯ ಪಕ್ಕದ ಹಿಗಾಶಿ ಯೂಎಂಚಿ ಉದ್ಯಾನದಲ್ಲಿ ಒಬ್ಬ ಹುಡುಗಿಯ ಪ್ರತಿಮೆ. ಅವಳ ಕೈಯಲ್ಲಿರುವ ಗಡಿಯಾರವನ್ನು ಅದೇ ನಿಮಿಷಕ್ಕೆ ನಿಲ್ಲಿಸಿಟ್ಟಿದ್ದಾರೆ. ಬಂದರಿನ ಕಡೆ ಹೋದರೆ, ಮುರಿದು ನೀರಿಗೆ ವಾಲಿದ ಧಕ್ಕೆಯ ಅರವತ್ತು ಮೀಟರ್‌ನಷ್ಟು ಭಾಗವನ್ನು ದುರಸ್ತಿ ಮಾಡದೆ ಹಾಗೇ ಉಳಿಸಿದ್ದಾರೆ, ದೀಪದ ಕಂಬಗಳು ಸೊಟ್ಟಗೇ ನಿಂತಿವೆ. ಪ್ರತಿ ಜನವರಿ 17ರ ನಸುಕಿಗೆ ಜನ ಆ ಉದ್ಯಾನದಲ್ಲಿ ಸೇರಿ ಬಿದಿರಿನ ಕೊಳವೆಗಳಲ್ಲಿ ಹಣತೆ ಹಚ್ಚುತ್ತಾರೆ. ಆಗ ನಮ್ಮಲ್ಲಿ ಮಧ್ಯರಾತ್ರಿ 2:16.

1868ರಲ್ಲಿ ಬಂದರು ತೆರೆದ ಮೇಲೆ ಬೆಟ್ಟದ ಕಡೆಯ ಕಿತಾನೊದಲ್ಲಿ ವಿದೇಶಿಯರು ಮನೆ ಕಟ್ಟಿಕೊಂಡರು. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾದಾಗ ಅಲ್ಲಿದ್ದ ಭಾರತೀಯ ವರ್ತಕರಲ್ಲೂ ಹಲವರು ಇಲ್ಲಿಗೆ ಬಂದರು. ಅವರಂಥವರ ದುಡ್ಡೂ ಸೇರಿ ಎದ್ದ 1935ರ ಮಸೀದಿ ಜಪಾನಿನಲ್ಲೇ ಮೊದಲನೆಯದು. ಯುದ್ಧದ ಬಾಂಬಿಗೂ 1995ಕ್ಕೂ ಅದು ಜಗ್ಗಲಿಲ್ಲ. ಹತ್ತಿರದಲ್ಲೇ ಅಮೃತಶಿಲೆಯ ಜೈನ ಬಸದಿಯಿದೆ, ಮುತ್ತಿನ ವ್ಯಾಪಾರಿಗಳ ಊರಿಗೆ ತಕ್ಕದ್ದು. ಇಷ್ಟೆಲ್ಲ ಇದ್ದೂ ಬಹುಪಾಲು ಪ್ರವಾಸಿಗಳು ಒಸಾಕಾದಿಂದ ಇಪ್ಪತ್ತು ಚಿಲ್ಲರೆ ನಿಮಿಷ ರೈಲಿನಲ್ಲಿ ಬಂದು, ಹೆಸರಾಂತ ದನದ ಮಾಂಸ ತಿಂದು, ಕೆಂಪು ಪೋರ್ಟ್ ಟವರ್‌ನ ಮುಂದೆ ಫೋಟೊ ಹೊಡೆಸಿಕೊಂಡು ಮರಳುತ್ತಾರೆ. ಊರು ನೋಡಿದಂತಾಗಲಿಲ್ಲ ಎಂದೇ ನನ್ನ ತೀರ್ಮಾನ.

ನೀವು ಹಾಗೆ ಮಾಡಬೇಡಿ. ಆಗಸ್ಟಿನ ಬೇಗೆ, ಸೆಪ್ಟೆಂಬರಿನ ಚಂಡಮಾರುತ ಎರಡೂ ಕಳೆದ ಮೇಲೆ, ನವೆಂಬರಿನಲ್ಲಿ ಹೋಗಿ, ಒಂದು ರಾತ್ರಿಯಾದರೂ ತಂಗಿ. ಸಂಜೆ ಕೇಬಲ್ ಕಾರು, ರೋಪ್‌ವೇ ಹಿಡಿದು ಮಾಯಾ ಬೆಟ್ಟ ಹತ್ತಿ. ಬುದ್ಧನ ತಾಯಿ ಮಾಯಾದೇವಿಯ ದೇವಾಲಯ ಇರುವುದು ಅಲ್ಲಿಯೇ. ತುದಿಯಿಂದ ಕಾಣುವ ಬಂದರಿನ ದೀಪಗಳನ್ನು ಜಪಾನಿನ ಮೂರು ಶ್ರೇಷ್ಠ ರಾತ್ರಿನೋಟಗಳಲ್ಲಿ ಒಂದೆಂದು ಎಣಿಸುತ್ತಾರೆ. ಸ್ವೆಟರ್ ಮರೆಯಬೇಡಿ, ಮಂಗಳವಾರ ಹೋಗಬೇಡಿ. ರೋಪ್‌ವೇಗೆ ಅಂದು ಸಾಮಾನ್ಯವಾಗಿ ರಜೆ.