ಆ ಒಂದು ‘ಆಫ್’ | ಭಾಗ 4

ಪ್ರೆಸೆಂಟೇಶನ್ ದಿನ ಧೈರ್ಯವಾಗಿ ‘ವಿ ರ‍್ಯಾನ್ ಔಟ್ ಕ್ಯಾಶ್’ ಅಂದೆ. ಹಿಂದಿನ ಬೆಂಚಿಂದ ‘ಥರ್ಡ್ ಅಂಪೈರ್!’ ಅಂತ ಕೂಗು. ಎಲ್ರೂ ನಕ್ರು. ಉಳಿದ ಮೂರು ಸ್ಲೈಡ್ ನಾನು ಓದ್ಲೇ ಇಲ್ಲ, ಫ್ರೆಂಡ್‌ಗೆ ಮೈಕ್ ಕೊಟ್ಟು ಕೂತ್ಬಿಟ್ಟೆ.

ರಾತ್ರಿ ಕೂತು ಯೋಚಿಸಿದಾಗ ಗೊತ್ತಾಯ್ತು ಕಣ್ರೋ. ಕನ್ನಡದಲ್ಲಿ ಖಾಲಿ ಆಗೋದು ದುಡ್ಡು, ನಾವಲ್ಲ. ಇಂಗ್ಲಿಷಲ್ಲೂ ‘ಕ್ಯಾಶ್ ರ‍್ಯಾನ್ ಔಟ್’ ಅಂದ್ರೆ ಸರಿನೇ. ಆದ್ರೆ ‘ವಿ’ ಮುಂದೆ ಬಂದು ಕೂತ್ರೆ ಕ್ಯಾಶ್ ಕೊನೆಗೆ ಹೋಗುತ್ತೆ, ಆಗ ಅದನ್ನ ಹಿಡ್ಕೊಳ್ಳೋಕೆ ‘ಆಫ್’ ಬೇಕು: ‘ವಿ ರ‍್ಯಾನ್ ಔಟ್ ಆಫ್ ಕ್ಯಾಶ್’. ಅದೇ ‘ವಿ ರ‍್ಯಾನ್ ಔಟ್ ಆಫ್ ದ ಬ್ಯಾಂಕ್’ ಅಂದ್ರೆ? ಬ್ಯಾಂಕಿಂದ ಹೊರಗೆ ಓಡಿದ್ವಿ ಅಂತ! ಪದಗಳು ಅವೇ, ಇಲ್ಲಿ ಮಾತ್ರ ನಿಜವಾದ ಓಟ.

ಸೋಮವಾರ ಮತ್ತೆ ಪ್ರೆಸೆಂಟೇಶನ್ ಇದೆ. ಆ ಮೂರು ಸ್ಲೈಡ್ ನಾನೇ ಓದ್ತೀನಿ, ಮೈಕ್ ಯಾರೂ ಕೇಳ್ಬೇಡಿ.