ವಾರಂಟಿ ಪುರಾಣ

ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳೋ ಮುಂಚೆ, ಅದು ಯಾವುದಕ್ಕೆ ಅನ್ವಯಿಸಲ್ಲ ಅನ್ನೋ ಪಟ್ಟಿನೇ ಮೊದಲು ಓದಬೇಕು ನೋಡಿ.

ಕುಂತೂರಿನ ಮನೆಗೆ ಫ್ರಿಜ್ ತಗೊಂಡಾಗ, "ನೀನು ಬೆಂಗ್ಳೂರಲ್ಲಿರ್ತೀಯ, ಕೆಟ್ರೆ ನಾನ್ ಯಾರ್ನ ಕೇಳ್ಲಿ? ಹಾಕ್ಸ್ಬುಡು ಮಗ" ಅಂದ್ಲು ಅವ್ವ. ಷರತ್ತಿನ ಹಾಳೆ ಓದಿದೆ. ವೋಲ್ಟೇಜ್ ಏರಿಳಿತದಿಂದ ಕೆಟ್ಟರೆ ಇಲ್ಲ, ಇಲಿ ವೈರು ಕಡಿದರೆ ಇಲ್ಲ. ನಮ್ಮನೇಲಿ ಕೆಡೋದೇ ಇವೆರಡರಿಂದ :-) ಕಂಪ್ರೆಸರ್‌ಗೆ ತಯಾರಕರೇ 10 ವರ್ಷ ಕೊಟ್ಟಿದ್ದರು. ಆ ದುಡ್ಡಿಗೆ ಸ್ಟೆಬಿಲೈಸರ್ ತಂದೆ, ಮೆಕ್ಯಾನಿಕ್ ನಂಬರನ್ನ ಅವ್ವನ ಮೊಬೈಲಿಗೆ ಹಾಕಿಕೊಟ್ಟೆ.

ನೀವು ಈಗಾಗ್ಲೇ ವಾರಂಟಿ ತಗೊಂಡಿದ್ರೆ ಬಿಲ್ಲು ಜೋಪಾನ. ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಎಲ್ಲೇ ಕೊಂಡಿದ್ರೂ ನಾವಿರೋ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅವ್ವನಿಗೆ ಚಾಮರಾಜನಗರ ಸಾಕು, ಬೆಂಗಳೂರಿಗೆ ಅಲೀಬೇಕಿಲ್ಲ.