ಚಂದಾವರದ ದಾರಿಯಲ್ಲಿ ಹದಿನಾರು ಹೆಸರುಗಳು

ಫ್ರಾನ್ಸಿನ ಕೊಂಪಿಯೆನ್ ಎಂಬ ಊರಿನ ಹದಿನಾರು ಮಂದಿ ಕಾರ್ಮೆಲ್ ಕನ್ಯಾಸ್ತ್ರೀಯರನ್ನು ಪೋಪ್ ಫ್ರಾನ್ಸಿಸ್ 2024ರ ಡಿಸೆಂಬರ್ 18ರಂದು ಸಂತರೆಂದು ಘೋಷಿಸಿದರು. ಮರುವಾರವೇ ನಾನು ಭಟ್ಕಳದಿಂದ ಕುಮಟಾ ಕಡೆಗೆ ಹೊರಟೆ. ಚೀಲದಲ್ಲಿ ಆ ಹದಿನಾರು ಹೆಸರುಗಳನ್ನು ಬರೆದುಕೊಂಡ ಒಂದು ಹಾಳೆ ಇತ್ತು.

ಭಟ್ಕಳದಲ್ಲಿ ಕಾಲಿಟ್ಟಲ್ಲೆಲ್ಲ ಒಂದೊಂದು ಧರ್ಮದ ಗುರುತು. ನವಾಯತರ ಮಸೀದಿಗಳು, ಕೇತಪೈ ನಾರಾಯಣ ದೇವಸ್ಥಾನ, ಜಟ್ಟಪ್ಪ ನಾಯಕನ ಬಸದಿ. ಪೋರ್ಚುಗೀಸರನ್ನು ಎದುರಿಸಿ ನಿಂತ ಜೈನ ರಾಣಿ ಚೆನ್ನಭೈರಾದೇವಿಯ ಬಂದರು ಇದು. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇರುವುದು, ಕುಮಟಾದ ಮಿರ್ಜಾನಿನಲ್ಲಿ ಕೋಟೆ ಇರುವುದು ಇವಳ ನಾಡಿನಲ್ಲೇ. ಕೊನೆಗೆ ಇವಳು ಕೆಳದಿಯವರ ಸೆರೆಯಲ್ಲಿ ತೀರಿಕೊಂಡಳು. ಈ ಕರಾವಳಿಗೆ ಸೆರೆಯ ಕಥೆ ಹೊಸದಲ್ಲ.

ಮುರ್ಡೇಶ್ವರ ದಾಟಿ, ಶರಾವತಿಯ ಸೇತುವೆ ಮೇಲೆ ಬಸ್ಸು ಬಂದಾಗ ಹೊಳೆ ಕಡಲಿಗೆ ಸೇರುವಲ್ಲಿ ಮೀನುದೋಣಿಗಳು ಸಾಲುಗಟ್ಟಿದ್ದವು. ಆಚೆ ದಡ ಹೊನ್ನಾವರ. 1783ರ ಜನವರಿಯಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಅಘನಾಶಿನಿ ಅಳಿವೆಯ ಬಳಿ ಇಳಿದು ಬಂದು ಹೊನ್ನಾವರದ ಕೋಟೆ ಹಿಡಿದ. ಆಮೇಲೆ ಮೈಸೂರಿನ ಸೈನ್ಯ ಅದನ್ನು ಮುತ್ತಿತು. ಒಳಗಿದ್ದ ಕ್ಯಾಪ್ಟನ್ ಟೊರಿಯಾನೊ ತಿಂಗಳುಗಟ್ಟಲೆ ಕೋಟೆ ಬಿಟ್ಟುಕೊಡಲಿಲ್ಲ. ದೊರೆಗಳ ಈ ಕಾದಾಟದ ಲೆಕ್ಕ ಚುಕ್ತಾ ಮಾಡಬೇಕಾಗಿ ಬಂದದ್ದು ಗದ್ದೆ ಉಳುತ್ತಿದ್ದ ಕೊಂಕಣಿ ಕ್ರೈಸ್ತರಿಗೆ. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪ ಹೊರಿಸಿ, 1784ರ ವಿಭೂತಿ ಬುಧವಾರ, ಟಿಪ್ಪು ಸುಲ್ತಾನ್ ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿಸಿದ. ಹೆಂಗಸರು, ಮಕ್ಕಳು, ಮುದುಕರು ಎನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸೆರೆಯಾದವರು 30 ಸಾವಿರವೆಂದು ಕೆಲವರು ಬರೆದರೆ, 60 ಸಾವಿರವೆಂದು ಇನ್ನು ಕೆಲವರು ಬರೆದಿದ್ದಾರೆ. ದಾರಿಯಲ್ಲೇ ಸತ್ತವರು ಬಹಳ. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಹೊಸ್ಪೆಟ್ ಇಗರ್ಜಿ ಉಳಿದದ್ದು ಅಲ್ಲಿಯ ಜೈನ ಚೌಟ ಅರಸರ ಸ್ನೇಹದಿಂದ.

ಟಿಪ್ಪುವಿನ ಹೆಸರೆತ್ತಿದರೆ ಈಗ ಜಗಳ ಸುರುವಾಗುತ್ತದೆ. ಶೃಂಗೇರಿ ಮಠಕ್ಕೆ ಆತ ಗೌರವದಿಂದ ಬರೆದ ಪತ್ರಗಳು ಸುಳ್ಳಲ್ಲ, ಈ ಸೆರೆಯೂ ಸುಳ್ಳಲ್ಲ. ಈ ಕ್ರೈಸ್ತರ ಹಿರಿಯರಲ್ಲಿ ಹಲವರು ಗೋವೆ ಬಿಟ್ಟು ಬಂದದ್ದಕ್ಕೆ ತಮ್ಮದೇ ಧರ್ಮದ ಇಂಕ್ವಿಜಿಷನ್ ಎಂಬ ವಿಚಾರಣೆಯ ಭಯವೂ ಒಂದು ಕಾರಣ. ಅವರಿಗೆ ಭೂಮಿ ಕೊಟ್ಟು ನೆಲೆ ಮಾಡಿಕೊಟ್ಟವರು ಕೆಳದಿಯ ಅರಸರು. ಯಾವ ಪಕ್ಷ ಹಿಡಿದು ವಾದಿಸಿದರೂ ಹದಿನೈದು ವರ್ಷ ಸೆರೆಯಲ್ಲಿ ಬದುಕಿದವರ ಮುಖ ಮಾತ್ರ ಆ ವಾದದೊಳಗೆ ಕಾಣುವುದಿಲ್ಲ. ನನಗೆ ನೋವಾಗುವುದು ಅಲ್ಲಿ.

ಅವರನ್ನು ಕಣ್ಣಾರೆ ಕಂಡವನು ಜೇಮ್ಸ್ ಸ್ಕರಿ. ಹ್ಯಾನಿಬಲ್ ಎಂಬ ಇಂಗ್ಲಿಷ್ ಹಡಗಿನ ಈ ಹುಡುಗನನ್ನು ಫ್ರೆಂಚರು ಹಿಡಿದು ಹೈದರನಿಗೆ ಒಪ್ಪಿಸಿದ್ದರು. ಹತ್ತು ವರ್ಷ ಸೆರೆಯಲ್ಲಿದ್ದು ತಪ್ಪಿಸಿಕೊಂಡ. ಅವನ ಪುಸ್ತಕ 1824ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳನ್ನು ಟಿಪ್ಪುವಿನ ಜನಾನಾಕ್ಕೆ ಕಳಿಸಲೊಪ್ಪದ ಕ್ರೈಸ್ತರ ಮೂಗು, ಕಿವಿ ಕೊಯ್ಯಿಸಿದ ಕಥೆಯನ್ನು ಅವನು ಬರೆದಿದ್ದಾನೆ. ಗಂಗೊಳ್ಳಿಯ ಸಿಲ್ವ ಎಂಬ ಸೆರೆಯಾಳು ಕೊಟ್ಟ ಸಾಕ್ಷಿಯೂ ಉಳಿದಿದೆ. ಹೆಂಗಸರದು ಒಂದೂ ನನಗೆ ಸಿಕ್ಕಿಲ್ಲ.

ಹೊನ್ನಾವರದಿಂದ ಮುಂದೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಚಂದಾವರ. ಕೋಟೆ ಹಾಳಾಗಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಇಗರ್ಜಿಗೆ ಡಿಸೆಂಬರ್ 3ರ ಹಬ್ಬದಲ್ಲಿ ಬೇರೆ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ನಾನು ಹೋದಾಗ ಹಬ್ಬ ಮುಗಿದಿತ್ತು, ಕ್ರಿಸ್ಮಸ್ ಗೋದಲಿ ಇನ್ನೂ ತೆಗೆದಿರಲಿಲ್ಲ. ಹುಲ್ಲಿನ ಮಾಡು, ಬಟ್ಟಲಲ್ಲಿ ಮೊಳಕೆ ಬರಿಸಿದ ಭತ್ತದ ಹಸಿರು ಗದ್ದೆ, ಗದ್ದೆಯ ಅಂಚಿಗೆ ಮಣ್ಣಿನ ಎತ್ತುಗಳು. ಬೆತ್ಲೆಹೇಮು ಇಲ್ಲಿ ಘಟ್ಟದ ಕೆಳಗಿನ ಹಳ್ಳಿಯೇ ಆಗಿತ್ತು.

ಬೆಂಚಿನ ಮೇಲೆ ಜಪಸರ ಹಿಡಿದು ಕೂತಿದ್ದ ವಯಸ್ಸಾದ ಬಾಯಿಯೊಬ್ಬರು, “ಎಲ್ಲಿಂದ ಬಂದ್ರಿ?” ಎಂದು ಮಾತಿಗೆಳೆದರು. ಹಾಳೆ ತೆಗೆದು ತೋರಿಸಿದೆ. ಅವರಿಗೆ ಹೇಳಿದ ಕಥೆ ಇದು.

ಫ್ರೆಂಚ್ ಕ್ರಾಂತಿಯ ಸರಕಾರ 1792ರ ಸೆಪ್ಟೆಂಬರಿನಲ್ಲಿ ಕೊಂಪಿಯೆನ್ನಿನ ಮಠ ಮುಚ್ಚಿಸಿತು. ಕನ್ಯಾಸ್ತ್ರೀಯರು ಊರಲ್ಲೇ ಬೇರೆ ಬೇರೆ ಮನೆಗಳಲ್ಲಿದ್ದು ಗುಟ್ಟಾಗಿ ಪ್ರಾರ್ಥನೆ ನಡೆಸಿದರು. ದೇಶದಲ್ಲಿ ಶಾಂತಿ ನೆಲೆಸಲೆಂದು ತಮ್ಮ ಜೀವವನ್ನು ದಿನವೂ ದೇವರಿಗೆ ಅರ್ಪಿಸುತ್ತಿದ್ದರು. 1794ರ ಜೂನ್‌ನಲ್ಲಿ ಬಂಧಿಸಿ, ಆಮೇಲೆ ಪ್ಯಾರಿಸಿಗೆ ಒಯ್ದರು. ವಿಚಾರಣೆಯಲ್ಲಿ ಅವರನ್ನು ಮತಾಂಧರೆಂದು ಕರೆದಾಗ, ಹಾಗೆಂದರೇನೆಂದು ಸಿಸ್ಟರ್ ಹೆನ್ರಿಯೆಟ್ ಕೇಳಿದರು. ಧರ್ಮದ ಮೇಲಿನ ಮೋಹವೆಂದು ಉತ್ತರ ಬಂತು. ಹಾಗಾದರೆ ನಾವು ಸಾಯುವುದು ಧರ್ಮಕ್ಕಾಗಿಯೇ ಎಂದು ಆಕೆ ಜೊತೆಯವರಿಗೆ ಖುಷಿಯಿಂದ ಹೇಳಿದರು. ಜುಲೈ 17ರ ಸಂಜೆ ಹಾಡುತ್ತಲೇ ಗಿಲೊಟಿನ್ ಹತ್ತಿದರು. ಮೊದಲು ಹೋದದ್ದು ಎಲ್ಲರಿಗಿಂತ ಕಿರಿಯ ಕೊನ್‌ಸ್ತಾನ್ಸ್. ಇಬ್ಬರಿಗೆ 78 ವರ್ಷ. ಮಠಾಧಿಕಾರಿಣಿ ಮದರ್ ತೆರೇಸಾ, ಹುಟ್ಟುಹೆಸರು ಲಿದ್ವಾನ್, ತನ್ನ ಮಕ್ಕಳನ್ನೆಲ್ಲ ಕಳಿಸಿ ಕೊನೆಯಲ್ಲಿ ಹತ್ತಿದರು. ಹತ್ತು ದಿನಕ್ಕೆ ಕ್ರಾಂತಿಯ ನಾಯಕ ರೊಬೆಸ್ಪಿಯರನ ಆಳ್ವಿಕೆಯೇ ಉರುಳಿತು.

ಅದೇ ಸಂಜೆ ಕೆನರಾದ ಹೆಂಗಸರು ಶ್ರೀರಂಗಪಟ್ಟಣದ ಸೆರೆಯಲ್ಲಿ ಹನ್ನೊಂದನೆಯ ವರ್ಷ ಕಳೆಯುತ್ತಿದ್ದರು. ಇಗರ್ಜಿ ಇಲ್ಲ, ಬಲಿಪೂಜೆ ಇಲ್ಲ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಉಳಿದವರು ಘಟ್ಟ ಇಳಿದು ಬಂದರು. ಜಪಸರದ ಪ್ರಾರ್ಥನೆಗಳು ಕೊಂಕಣಿಯಲ್ಲಿ ಅವರೊಂದಿಗೇ ಇಳಿದು ಬಂದವು. ಅಷ್ಟು ವರ್ಷ ಅವನ್ನು ಮಕ್ಕಳ ಬಾಯಲ್ಲಿ ಉಳಿಸಿದವರು ಅಮ್ಮಂದಿರು, ಅಜ್ಜಿಯರೇ ಇರಬೇಕು ಎಂಬುದು ನನ್ನ ನಂಬಿಕೆ. ಕನ್ಯಾಸ್ತ್ರೀಯರ ಮಠ ಮಂಗಳೂರಿಗೆ ಬಂದದ್ದು 1870ರಲ್ಲಿ. ಅದೂ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲಿನಿಂದ. ಹೊರಟವರಲ್ಲಿ ಮೂವರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು.

“ಅವರ ಹೆಸರೆಲ್ಲ ಹೆಂಗೆ ಉಳೀತು?” ಎಂದು ಬಾಯಿ ಕೇಳಿದರು. ಮಠದ ಒಬ್ಬ ಸಿಸ್ಟರ್, ಮೇರಿ ಆಫ್ ದಿ ಇನ್‌ಕಾರ್ನೇಶನ್, ಬಂಧನದ ಹೊತ್ತಿಗೆ ಊರಲ್ಲಿರಲಿಲ್ಲ, ಹಾಗಾಗಿ ಬದುಕಿಕೊಂಡರು. 1836ರವರೆಗೆ ಇದ್ದು, ಕಂಡದ್ದು ಕೇಳಿದ್ದೆಲ್ಲ ಬರೆದಿಟ್ಟರು.

“ನಮ್ಮಲ್ಲಿ ಬರೆಯೋರು ಯಾರಿದ್ರು?” ಎಂದರು ಬಾಯಿ. ಹದಿನಾರೂ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟರು. ಆಮೇಲೆ ತಮ್ಮ ಮನೆಯ ಹೆಂಗಸರ ಹೆಸರು ಹೇಳತೊಡಗಿದರು: ತಾಯಿ, ಅಜ್ಜಿ, ಅಜ್ಜಿಯ ತಾಯಿ, ಯಾರು ಯಾವ ಊರಿಂದ ಬಂದವರು, ಯಾರು ಬಾಣಂತಿಯಾಗಿದ್ದಾಗ ಹೋದವರು. ಕುಮಟಾ ಬಸ್ಸು ಬರುವವರೆಗೆ ನಾನು ಬರೆದುಕೊಳ್ಳುತ್ತಲೇ ಇದ್ದೆ.